ಪರದೆ ನಿಂತಿತ್ತು, ಕರೆ ನಿಂತಿರಲಿಲ್ಲ

ಸ್ವಲ್ಪ ತಡೆಯಿರಿ. ನಿಮ್ಮ ಫೋನು ಕಲ್ಲಿನಂತೆ ಕೂತಿದ್ದರೆ, ಬಟನ್ ಒತ್ತುವ ಮೊದಲು ನಾನು ಹೇಳುವುದನ್ನು ಪೂರ್ತಿ ಕೇಳಿ. ಪವರ್ ಬಟನ್ನು, ವಾಲ್ಯೂಮ್ ಇಳಿಸುವ ಬಟನ್ನು, ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳು ಆರಿ ಮತ್ತೆ ಹೊತ್ತಿಕೊಳ್ಳುತ್ತವೆ. ಇಷ್ಟು ಯಾವ ವಿಡಿಯೊ ನೋಡಿದರೂ ಸಿಗುತ್ತದೆ, ನಾನೂ ಹಾಗೇ ಕಲಿತವನು. ಆದರೆ ಅದಕ್ಕೂ ಮೊದಲು ಫೋನನ್ನು ಒಮ್ಮೆ ಕಿವಿಗೆ ಹಿಡಿಯಬೇಕು ಎಂದು ಯಾವ ವಿಡಿಯೊದಲ್ಲೂ ಹೇಳಿರಲಿಲ್ಲ. ಅದನ್ನು ನಾನು ಕಲಿತದ್ದು ಕಲಬುರಗಿ ಹತ್ತಿರದ ಕಮಲಾಪುರದಲ್ಲಿ, ನಮ್ಮ ಕಾಕಾರ ಮನೆಯ ಪಡಸಾಲೆಯಲ್ಲಿ.

ನಾನಿರುವುದು ಕಲಬುರಗಿಯ ಗಾಜಿಪುರದಲ್ಲಿ. ಓಣಿಯಲ್ಲಿ ಯಾರ ಫೋನು ಕೆಟ್ಟರೂ ನನ್ನ ಹತ್ತಿರ ಬರುತ್ತದೆ. ಆ ಭಾನುವಾರ ಕಾಕಾ ನನ್ನನ್ನು ಕರೆಸಿದ್ದೂ ಫೋನು ಹಿಡಿಯಲಿಕ್ಕೆ. ಅವರ ಮಗಳಿಗೆ, ಅಂದರೆ ನಮ್ಮ ಅಕ್ಕನಿಗೆ, ಗಂಡು ಗೊತ್ತಾಗಿತ್ತು. ಗಂಡಿನ ಮನೆಯವರದು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಬಟ್ಟೆ ಅಂಗಡಿ. ಆ ಬೇಸಿಗೆಯ ಬಿಸಿಲಲ್ಲಿ ಹಿರಿಯರು ಯಾರೂ ಯಾರ ಊರಿಗೂ ಹೊರಡುವ ಹಾಗಿರಲಿಲ್ಲ. ನಿಶ್ಚಯದ ದಿನ, ಮದುವೆಯ ದಿನ ಎರಡನ್ನೂ ವಿಡಿಯೊ ಕಾಲ್‌ನಲ್ಲೇ ಮಾತಾಡೋಣ ಎಂದಾಗಿತ್ತು.

ಅಕ್ಕ ಕಲಬುರಗಿಯ ಶರಣಬಸವೇಶ್ವರ ಗುಡಿಯ ಕಡೆಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಿ.ಎಡ್. ಓದುತ್ತಿದ್ದಳು. ಇನ್ನೊಂದು ವರ್ಷ ಉಳಿದಿತ್ತು. ಹುಡುಗನ ಬಗ್ಗೆ ಅವಳದೇನೂ ತಕರಾರಿಲ್ಲ, ಓದು ಮುಗಿಸಿ ಮದುವೆಯಾಗಬೇಕು ಅಷ್ಟೇ. ಆ ಮಾತನ್ನು ಬೀಗರ ಮುಂದೆ ಎತ್ತಲೇಬಾರದೆಂದು ಕಾಕಾ ಅಪ್ಪಣೆ ಮಾಡಿದ್ದರು. "ಛಲೋ ಮನಿತನ ಕೈ ತಪ್ಪಿದ್ರ ಮತ್ತ ಸಿಗಾಂಗಿಲ್ಲ" ಎನ್ನುವುದು ಅವರ ಹೆದರಿಕೆ.

ಮಾತು ಇನ್ನೇನು ದಿನಕ್ಕೆ ಬಂತು ಅನ್ನುವಾಗ ಪರದೆ ನಿಂತುಬಿಟ್ಟಿತು, ಬೆರಳಿಂದ ಒತ್ತಿದರೂ ಏನೂ ಆಗಲಿಲ್ಲ. ಗಂಡಿನ ತಾಯಿ ಬಾಯಿ ತೆರೆದವರು ತೆರೆದ ಹಾಗೇ. ಕಾಕಾ ನನ್ನ ಕೈಯಿಂದ ಫೋನು ಕಸಿದುಕೊಂಡು, ಸಿಕ್ಕಸಿಕ್ಕ ಬಟನ್ನೆಲ್ಲ ಒತ್ತಿ, "ಹಲೋ, ಹಲೋ" ಎಂದು ಕೂಗಿ, ಕಡೆಗೆ ನನಗೇ ವಾಪಸು ಕೊಟ್ಟರು.

"ಕಟ್ ಆಯ್ತು. ನೋಡಪಾ ತಮ್ಮಾ, ನಿನ್ನ ವಿದ್ಯಾ ಇವತ್ತರ ಉಪಯೋಗಕ್ಕ ಬರ್ಲಿ."

"ಅದು ಕಾಯ್ದದ" ಎಂದಳು ಬಾಗಿಲಿಗೆ ಅಡ್ಡವಾಗಿ ಮಂಚ ಹಾಕಿಕೊಂಡು ಕೂತಿದ್ದ ನಮ್ಮ ಅಜ್ಜಿ, ಆಯಿ. "ಕೂಲರ್ ಮುಂದ ಹಿಡಿ, ತಣ್ಣಗಾಗ್ತದ."

ಅಕ್ಕನ ತಾಯಿ ಕಾಕಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಅಯ್ಯ, ಬೀಗತಿ ಬಾಯಿ ನೋಡ್ರಿ! ಹಲ್ಲಿನ ಡಾಕ್ಟರ್ ಮುಂದ ಕುಂತಂಗ ಕಾಣ್ತಾಳ."

"ಮಾತಾಡುವಾಗೂ ಅಷ್ಟೇ ತೆಗೀತಾಳ ಬಿಡು" ಎಂದಳು ಆಯಿ.

ಆ ಫೋನಿಗೆ ದಪ್ಪನೆಯ ಕವರ್. ಬಟನ್‌ಗಳು ಅದರೊಳಗೆ ಹೂತುಹೋಗಿದ್ದವು. ಅದನ್ನು ಕೀಳಲು ಉಗುರು ಹಾಕಿ, ಮುಖದ ಹತ್ತಿರ ಹಿಡಿದಿದ್ದೆ. ಆಗ ಕೇಳಿಸಿತು, ಸಣ್ಣಗೆ ಒಂದು ಕುಕ್ಕರ್ ಸೀಟಿ. ನಮ್ಮ ಒಲೆ ಆರಿ ಎಷ್ಟೋ ಹೊತ್ತಾಗಿತ್ತು. ಕಿವಿಗೆ ಒತ್ತಿ ಹಿಡಿದೆ. ಒಬ್ಬ ಗಂಡಸಿನ ದನಿ ಪಿಸುಗುಟ್ಟಿತು: "ಸುಮ್ಕಿರು, ಏನಂತಾರ ಕೇಳೋಣು."

ಕರೆ ಕಟ್ಟಾಗಿರಲೇ ಇಲ್ಲ. ನಿಂತದ್ದು ಪರದೆ ಮಾತ್ರ. ಕಾಕಾ ಬಟನ್ ಒತ್ತುವ ಗಡಿಬಿಡಿಯಲ್ಲಿ ದನಿ ತಳಕ್ಕಿಳಿದಿತ್ತು, ಅದರ ಮೇಲೆ ಕೂಲರಿನ ಗದ್ದಲ. ನಮಗೆ ಅವರು ಕೇಳಿಸುತ್ತಿರಲಿಲ್ಲ, ಅವರಿಗೆ ನಾವು ಚೆನ್ನಾಗಿಯೇ ಕೇಳಿಸುತ್ತಿದ್ದೆವು.

ಈಗ ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? "ಅವರು ಕೇಳುತ್ತಿದ್ದಾರೆ" ಎಂದು ಬಾಯಿಬಿಟ್ಟರೆ ಅದೂ ಅವರಿಗೆ ಕೇಳಿಸುತ್ತದೆ. ಕೆಳಗಿನ ಮೈಕ್ ತೂತಿಗೆ ಹೆಬ್ಬೆರಳು ಒತ್ತಿದರೆ ಕವರ್ ಕೀಳಲು ಕೈ ಇಲ್ಲ. ಹೊರಗೆ ಒಯ್ಯೋಣವೆಂದು ಎದ್ದೆ.

"ಬಿಸಲಾಗ ಎಲ್ಲಿ ಹೊಂಟಿ? ಇಲ್ಲೇ ಮಾಡು, ನಾವೂ ಕಲೀತೀವಿ" ಎಂದು ಕಾಕಾ ನನ್ನನ್ನು ಕೂರಿಸಿದರು. ಸುತ್ತ ಎಲ್ಲರ ಮೊಣಕಾಲು, ಮುಂದೆ ಕೆಂಪು ಬಾಳೆಹಣ್ಣಿನ ತಟ್ಟೆ, ಬಾಗಿಲಿಗೆ ಆಯಿಯ ಮಂಚ.

"ಹುಡುಗ ಛಲೋನೇ ಅದಾನ" ಎಂದು ಕಾಕಿ ಹೊಸದಾಗಿ ಶುರು ಮಾಡಿದಳು. "ಆದ್ರ ಅವ್ವನ ಸೆರಗ ಬಿಟ್ಟು ಬರಾಂಗಿಲ್ಲ ಅನಸ್ತದ."

ನಾನು ಜೋರಾಗಿ ಕೆಮ್ಮಿದೆ.

"ಅವಗ ನೀರ್ ಕೊಡ್ರಿ" ಎಂದಳು ಆಯಿ.

ನೀರು ತಂದವಳು ಅಕ್ಕ. ನನ್ನ ಫೋನಿನಲ್ಲಿ ಬೇಗಬೇಗ ಟೈಪ್ ಮಾಡಿ ಅವಳಿಗೆ ತೋರಿಸಿದೆ: ಕರೆ ಕಟ್ಟಾಗಿಲ್ಲ, ಎಲ್ಲ ಕೇಳುತ್ತಿದ್ದಾರೆ. ಕಾಕಿಯನ್ನು ಹೇಗಾದರೂ ಒಳಗೆ ಕರೆದೊಯ್ಯುತ್ತಾಳೆ ಅಂದುಕೊಂಡೆ. ಅಷ್ಟರಲ್ಲಿ ಕವರೂ ಕಿತ್ತುಬಂತು. ಎರಡೂ ಬಟನ್ ಮೇಲೆ ಬೆರಳಿಟ್ಟಿದ್ದೆ, ಒತ್ತುವುದೊಂದೇ ಬಾಕಿ. ಅಕ್ಕ ಮತ್ತೊಮ್ಮೆ ಓದಿದಳು. ಆಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಫೋನು ತೆಗೆದುಕೊಂಡಳು.

"ಅತ್ತೀ" ಎಂದಳು ಆ ನಿಂತ ಮುಖಕ್ಕೆ. "ನನಗ ಬಿ.ಎಡ್. ಮುಗಿಸಬೇಕಾಗ್ಯಾದ್ರಿ. ಇನ್ನೊಂದ್ ವರ್ಷ ಅಷ್ಟೇ. ನಿಮ್ಮ ಮಗ ಬ್ಯಾಡ ಅನ್ನಾಕತ್ತಿಲ್ಲ ನಾನು. ನಿಶ್ಚಯ ಈಗ ಆಗ್ಲಿ, ಮದುವಿ ಪರೀಕ್ಷಾ ಆದ ಮ್ಯಾಲ ಇಟ್ಕೋರಿ."

ಕಾಕಾ ನಕ್ಕರು. "ಧೈರ್ಯ ನೋಡು ಇಕಿದು! ಫೋಟೋದ ಮುಂದ ಎಲ್ಲಾರೂ ಶೂರರೇ."

ಅಕ್ಕ ಹೋಗಿ ಕೂಲರ್ ಆರಿಸಿದಳು. ಪಡಸಾಲೆ ಒಮ್ಮೆಲೇ ನಿಶ್ಶಬ್ದವಾಯಿತು. ತೆರೆದ ಬಾಯಿ ಅಲುಗಾಡದೆ ಮಾತಾಡಿತು.

"ಕೇಳಿಸ್ತವ್ವಾ. ಮೊದಲಿಂದ ಎಲ್ಲಾ ಕೇಳಿಸ್ಯಾದ. ನನ್ನ ಹಲ್ಲಿನ ಸುದ್ದೀನೂ ಕೇಳಿಸ್ಯಾದ. ಇವ್ರ ಕೂಡ ಮಾತಾಡಿ ಸಂಜಿಗೆ ಹೇಳ್ತೀನಿ."

ಕಾಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬಂದ್ ಮಾಡಲೇ ಅದನ್ನ!" ಎಂದು ಕಾಕಾ ನನ್ನ ಮೇಲೆ ಚೀರಿದರು. ಎರಡೂ ಬಟನ್ ಒತ್ತಿ ಹಿಡಿದೆ. ಫೋನು ಆರಿತು, ನಡುಗಿತು, ಹೊತ್ತಿಕೊಂಡಿತು. ಏನೂ ಆಗಿಯೇ ಇಲ್ಲವೆಂಬಂತೆ ಓಡತೊಡಗಿತು.

ಸಂಜೆಯವರೆಗೆ ನನ್ನನ್ನು ಬಸ್ಸಿಗೆ ಬಿಡಲಿಲ್ಲ. ಮತ್ತೆ ಕೆಟ್ಟರೆ ಯಾರು ನೋಡಬೇಕು ಎಂದರು. ಕೂಲರ್ ಹಾಕಲೂ ಯಾರೂ ಏಳಲಿಲ್ಲ. ನಡುವೆ ಫೋನು, ಸುತ್ತ ಬೆವರುತ್ತ ನಾವು. ಅಕ್ಕ ಗೋಡೆಗೆ ಒರಗಿ ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಕರೆ ಬಂತು. ಕಾಕಾ ಎತ್ತಿದರೆ, ಗಂಡಿನ ತಾಯಿ ಅಕ್ಕನಿಗೇ ಕೊಡಿ ಎಂದರು. ನಾನು ಸ್ಪೀಕರ್ ಹಾಕಿದೆ.

"ಒಂದ್ ವರ್ಷ ಅಂದ್ರ ಒಂದೇ ವರ್ಷ ನೋಡವ್ವಾ. ಫೇಲ್ ಆಗಿ ಇನ್ನೊಂದ್ ವರ್ಷ ಕೇಳಬ್ಯಾಡ. ಮತ್ತ ನಿಮ್ಮವ್ವಗ ಹೇಳು, ಆ ಹಲ್ಲಿನ ಡಾಕ್ಟರ್ ಯಾರಂತ ನನಗೂ ತಿಳಸ್ಲಿ."

ಅಕ್ಕ ನಗುತ್ತಲೇ ಅತ್ತಳು. ಬಸ್‌ಸ್ಟ್ಯಾಂಡಿನವರೆಗೆ ಬೈಕಿನಲ್ಲಿ ಬಿಟ್ಟ ಕಾಕಾ ನನ್ನನ್ನು ಇಳಿಸುವಾಗ ಒಂದೇ ಮಾತಂದರು: "ಇನ್ನ ಮ್ಯಾಲ ನಮ್ಮ ಫೋನ್ ಕೆಟ್ರ ಕೆಟ್ಟಂಗೇ ಇರ್ಲಿ. ನೀ ಬರಬ್ಯಾಡ."

ನಿಮ್ಮ ಫೋನೂ ಎಂದಾದರೂ ಹೀಗೆ ನಡುವೆಯೇ ನಿಂತಿದೆಯೇ? ಆಗ ಆಚೆ ಕಡೆ ಯಾರಿದ್ದರು, ಈಚೆ ಕಡೆ ಏನು ಮಾತು ನಡೆದಿತ್ತು? ಕೆಳಗೆ ಬರೆಯಿರಿ. ಹೇಗೆ ಸರಿಯಾಯಿತು ಎನ್ನುವುದನ್ನೂ ಬಿಡದೆ ಹೇಳಿ.