ಅಕ್ಕನ ಪೆಟ್ಟಿಗೆಗೆ ಬಂದು ಬಿದ್ದ ಲೋಕಗಳು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕೇಬಲಕ್ಕ ಎಂದೇ ಕರೆಯುತ್ತಿದ್ದರು. ಒಂದು ಕಾಲದಲ್ಲಿ ತಂತಿಯ ಸುರುಳಿ ಹೆಗಲಿಗೇರಿಸಿಕೊಂಡು ಮಹಡಿಯಿಂದ ಮಹಡಿಗೆ ಟೀವಿ ಕೇಬಲ್ ಎಳೆದವಳು. ಕೇಬಲಿನ ಕಾಲ ಮುಗಿದಾಗ ಇವಳ ಕಥೆಯೂ ಮುಗಿಯಿತು ಎಂದು ಬೀದಿಯವರು ಲೆಕ್ಕ ಹಾಕಿದರು. ಅವಳು ಹೊಲಿಗೆ ಅಂಗಡಿಯ ಮೇಲಿನ ಅದೇ ಕೋಣೆಯಲ್ಲಿ ಕುಳಿತು, ಯಾರ ಹತ್ತಿರವೂ ಪಾಠ ಹೇಳಿಸಿಕೊಳ್ಳದೆ, ಎಡವಿ, ಬಿದ್ದು, ಎದ್ದು ಹೊಸ ಕಸುಬು ಕಲಿತಳು.

ಕಸುಬು ಇಷ್ಟೇ. ದೊಡ್ಡ ಕಂಪನಿಯವರು ಒಂದು ಭಾರಿ ಯಂತ್ರವನ್ನು ಹೋಳು ಮಾಡಿ ಬಾಡಿಗೆಗೆ ಬಿಡುತ್ತಾರೆ. ಒಂದೊಂದು ಹೋಳೂ ತಾನೇ ಒಂದು ಇಡೀ ಕಂಪ್ಯೂಟರ್ ಎಂಬಂತೆ ಠೀವಿಯಿಂದ ನಡೆದುಕೊಳ್ಳುತ್ತದೆ. ವರ್ಚುವಲ್ ಸರ್ವರ್ ಎಂದು ಅದಕ್ಕೆ ಹೆಸರು. ಕೇಬಲಕ್ಕ ಅಂಥದ್ದರಲ್ಲೇ ಅಗ್ಗದ್ದನ್ನು ಹುಡುಕಿ ಹಿಡಿದು, ಇನ್ನೂ ಸಣ್ಣದಾಗಿ ಹಂಚಿ, ಆಟ ಆಡುವವರಿಗೆ ಕೊಡುತ್ತಿದ್ದಳು. ಬಾಡಿಗೆಗೆ ಹಿಡಿದ ಮನೆಯ ಕೋಣೆಗಳನ್ನು ಒಳಬಾಡಿಗೆಗೆ ಬಿಟ್ಟ ಹಾಗೆ. ಅವಳ ಗಿರಾಕಿಗಳೆಲ್ಲ ಚೌಕದ ಇಟ್ಟಿಗೆ ಜೋಡಿಸಿ ಊರು ಕಟ್ಟುವ ಆಟದವರು. ಗುಂಪಿಗೊಂದು ಲೋಕ. ನಿನ್ನೆ ಕಟ್ಟಿದ ಗೋಡೆ ಇವತ್ತೂ ಅಲ್ಲೇ ನಿಂತಿರಬೇಕು, ಅಷ್ಟೇ ಅವರ ಬೇಡಿಕೆ.

ಆದರೆ ಅಗ್ಗದ ಸರ್ವರ್ ಎಂದರೆ ತೆಳುಗೋಡೆಯ ಮನೆ. ಪಕ್ಕದವನು ಕೆಮ್ಮಿದರೆ ನಮ್ಮ ಸೂರು ನಡುಗುತ್ತದೆ. ಅದಕ್ಕೇ ಪ್ರತಿ ಮುಂಜಾನೆ ಎಲ್ಲ ಲೋಕಗಳ ನಕಲೂ ತನ್ನ ಕೋಣೆಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ತಾನಾಗಿಯೇ ಬಂದು ಬೀಳುವಂತೆ ಅವಳೊಂದು ಪ್ರೋಗ್ರಾಮ್ ಬರೆದಿಟ್ಟಿದ್ದಳು. ಆ ಕಂಪ್ಯೂಟರಿಗೆ ಅವಳಿಟ್ಟ ಹೆಸರು ಪೆಟ್ಟಿಗೆ. ಬಂದ ನಕಲುಗಳಲ್ಲಿ ಒಂದನ್ನು ತೆರೆದು, ಟೀ ಲೋಟ ಹಿಡಿದುಕೊಂಡೇ ಆ ಲೋಕದೊಳಗೆ ಒಂದು ಸುತ್ತು ಅಡ್ಡಾಡಿ ಬರುವಳು. “ಬಾಗಿಲು ತೆಗೆದು ನೋಡದೇ ಇರೋ ಮನೇನ ಗಟ್ಟಿಯಾಗಿದೆ ಅನ್ನೋಕಾಗುತ್ತಾ?” ಎನ್ನುವಳು.

ಈ ಕಸುಬನ್ನು ಅವಳು ಕೈಹಿಡಿದು ಕಲಿಸಿದ್ದು ತಂಗಿಯ ಗಂಡನಿಗೆ. ಕೆಲಸವಿಲ್ಲದೆ ಅಲೆಯುತ್ತಿದ್ದ ಮನುಷ್ಯ. ನಾಲಿಗೆ ಮಾತ್ರ ಬೆಣ್ಣೆ. ಅವನು ಒಂದು ದಿನ ಸರ್ವರಿನಲ್ಲಿ ಜಾಗ ಸಾಲದೆಂದು ಹಳೆಯದನ್ನೆಲ್ಲ ಗುಡಿಸಲು ಕುಳಿತ. ಬಸ್ ಡ್ರೈವರ್ ಒಬ್ಬ ಗೆಳೆಯರೊಂದಿಗೆ ವರ್ಷಗಟ್ಟಲೆ ಕಟ್ಟಿದ್ದ ಬಂದರಿನ ಊರೊಂದಿತ್ತು. ಅದನ್ನು ಬಿಟ್ಟುಹೋದ ಗಿರಾಕಿಯದೆಂದು ತಿಳಿದು, ಸರ್ವರಿನಿಂದಲೂ ಪೆಟ್ಟಿಗೆಯಿಂದಲೂ ಬೇರು ಸಮೇತ ಅಳಿಸಿಬಿಟ್ಟ. ತಪ್ಪು ಯಾರಿಂದಲೂ ಆಗುತ್ತದೆ. ಆದರೆ ಅವನು, ಅಕ್ಕನಿಗೆ ಸುದ್ದಿ ಮುಟ್ಟುವ ಮೊದಲೇ ಗಿರಾಕಿಗಳೆಲ್ಲ ಇದ್ದ ಫೋನ್ ಗುಂಪಿನಲ್ಲಿ ಬರೆದ: “ನಮ್ಮಕ್ಕನ ಕೈಯಿಂದ ಹೀಗಾಗಿದೆ. ವಯಸ್ಸಾಯ್ತು, ಕಣ್ಣು ಮಂಜು. ನಾನೇ ಬೇರೆ ಸರ್ವರ್ ಶುರು ಮಾಡ್ತಿದೀನಿ. ನಿಮ್ಮ ಲೋಕ ನನ್ನ ಹತ್ರ ಭದ್ರ.”

ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಅವನ ಹಿಂದೆ ಹೋದರು. ಅದನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ನುಂಗಲಾಗದ್ದು ಇನ್ನೊಂದು. ಅವಳು ತರಕಾರಿ ಚೀಲ ಹಿಡಿದು ರಸ್ತೆ ದಾಟುವಾಗ ಆ ಡ್ರೈವರ್ ಬಸ್ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: “ಏನಕ್ಕಾ, ಇನ್ನೂ ಎಷ್ಟು ಊರು ಮುಳುಗಿಸ್ತೀಯಾ?” ಬಸ್ಸಿಗೆ ಬಸ್ಸೇ ನಕ್ಕಿತು. ಮನೆಗೆ ಬಂದು ಚೀಲವನ್ನು ಹೊಸಿಲಲ್ಲೇ ಬಿಟ್ಟು ಕುಳಿತಳು. ತಂಗಿ ಓಡಿಬಂದು ಕೈಹಿಡಿದಳು: “ನನ್ನ ಮುಖ ನೋಡಿ ಸುಮ್ನಿದ್ದುಬಿಡು ಅಕ್ಕ. ಮನೆ ಮಾತು.”

ಸುಮ್ಮನಿದ್ದಳು. ಹೊಟ್ಟೆಯೊಳಗಿನ ಕೆಂಡ ಮಾತ್ರ ಸುಮ್ಮನಿರಲಿಲ್ಲ.

ಹೀಗಿರುವಾಗ ಒಂದು ಮುಂಜಾನೆ ಪೆಟ್ಟಿಗೆಯಲ್ಲಿ ಗುರುತಿಲ್ಲದ ಲೋಕವೊಂದು ಕಾಣಿಸಿತು. ಒಳಗೆ ಹೋದಳು. ಹೆಬ್ಬಾಗಿಲಲ್ಲೇ ಫಲಕ: ‘ಮಿಂಚು ಸರ್ವರಿಗೆ ಸ್ವಾಗತ’. ಅದು ತಂಗಿಯ ಗಂಡನ ಹೊಸ ಅಂಗಡಿಯ ಹೆಸರು! ಪುಣ್ಯಾತ್ಮ ಅವಳ ಪ್ರೋಗ್ರಾಮನ್ನು ಇದ್ದಂತೆ ಎತ್ತಿಕೊಂಡು ಹೋಗಿ ತನ್ನ ಸರ್ವರಿನಲ್ಲಿ ಕೂರಿಸಿದ್ದ. ನಕಲುಗಳು ಯಾವ ವಿಳಾಸಕ್ಕೆ ಹೋಗುತ್ತವೆ ಎಂದು ಒಂದು ಸಲವಾದರೂ ಕಣ್ಣಾಡಿಸಿರಲಿಲ್ಲ. ಅವನ ಗಿರಾಕಿಗಳ ಲೋಕಗಳೆಲ್ಲ ದಿನಾ ಬೆಳಿಗ್ಗೆ ಇವಳ ಕೋಣೆಗೆ ಬಂದು ಬೀಳುತ್ತಿದ್ದವು.

ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಟೀ ಆರಿಹೋಗುವ ತನಕ ಆ ಫಲಕವನ್ನೇ ನೋಡುತ್ತ ಕುಳಿತಿದ್ದು, ಆಮೇಲೆ ಪೇಟೆಗೆ ಹೋಗಿ ಇನ್ನೊಂದು ಡಿಸ್ಕ್ ತಂದು ಪೆಟ್ಟಿಗೆಗೆ ಹಾಕಿದಳು. ಹಗೆಗೂ ಜಾಗ ಬೇಕಲ್ಲ! ಅಂದಿನಿಂದ ತನ್ನ ಲೋಕಗಳ ಜೊತೆಗೆ ಅವನವನ್ನೂ ತೆರೆದು ನೋಡುವಳು, ಗಟ್ಟಿಯಾಗಿವೆಯೇ ಎಂದು ಅಡ್ಡಾಡುವಳು. ಹಗೆ ಸಾಕುವುದರಲ್ಲೂ ಅವಳದು ಅಚ್ಚುಕಟ್ಟು.

ಅವನು ಅವಳಿಗಿಂತಲೂ ಅಗ್ಗದ ಸರ್ವರ್ ಹುಡುಕಿಕೊಂಡಿದ್ದ. ಅದನ್ನು ಬಾಡಿಗೆಗೆ ಕೊಟ್ಟವರು ಒಂದು ದಿನ ಹೇಳದೆ ಕೇಳದೆ ಬಾಗಿಲು ಹಾಕಿ ಮಾಯವಾದರು. ಮಿಂಚಿನ ಲೋಕಗಳೆಲ್ಲ ಒಂದೇ ಏಟಿಗೆ ಕತ್ತಲಾದವು. “ಹೆದರಬೇಡಿ, ನಕಲು ಇದೆ” ಎಂದು ಗುಂಪಿನಲ್ಲಿ ಎದೆ ತಟ್ಟಿಕೊಂಡು ಬರೆದ. ಬರೆದ ಮೇಲೆ, ನಕಲು ಎಲ್ಲಿದೆ ಎಂದು ಮೊದಲ ಬಾರಿಗೆ ಹುಡುಕಿದ.

ಮಧ್ಯಾಹ್ನ ಮೆಟ್ಟಿಲ ಮೇಲೆ ಎರಡು ಜೊತೆ ಚಪ್ಪಲಿಯ ಸದ್ದು. ಗಂಡ ಮುಂದೆ, ತಂಗಿ ಹಿಂದೆ.

“ಅಕ್ಕಾ, ಊಟ ಆಯ್ತಾ?” ಎಂದ ಅವನು.

“ನಂದಾಯ್ತು. ನಿಮ್ಮದು ಜೀರ್ಣ ಆದಂಗೆ ಕಾಣಲ್ಲ.”

“ನಮ್ಮ ಫೈಲುಗಳು ಕೆಲವು ದಾರಿ ತಪ್ಪಿ ನಿಮ್ಮ ಕಡೆ ಬಂದಿವೆ ಅನ್ಸುತ್ತೆ.”

“ದಾರಿ ತಪ್ಪಿಲ್ಲ. ಆ ದಾರಿ ಹಾಕಿದೋಳೇ ನಾನು. ಹೊತ್ಕೊಂಡು ಹೋಗುವಾಗ ಒಂದು ಸಲ ಓದಿಕೊಂಡಿದ್ರೆ ಆಗ್ತಿತ್ತು.”

ತಂಗಿಯ ಮುಖ ಕೆಂಪಾಯಿತು. “ಎಲ್ಲಾ ಗೊತ್ತಿದ್ದೂ ಬಾಯಿ ಬಿಡಲಿಲ್ವಾ ಅಕ್ಕ?”

“ಸುಮ್ನಿರು ಅಂದೋಳು ನೀನೇ ಅಲ್ವೇನೇ? ಸುಮ್ನಿದ್ದೆ.”

ಅವನು ನೆಲ ನೋಡುತ್ತ ಕೇಳಿದ: “ಏನು ಮಾಡಬೇಕು ಹೇಳಿ.”

“ಬಂದರಿನ ಊರನ್ನ ಅಳಿಸಿದ್ದು ಯಾರು ಅಂತ ಅದೇ ಗುಂಪಲ್ಲಿ, ಅದೇ ಜನರ ಮುಂದೆ ಬರೀರಿ. ಇಲ್ಲೇ ಕೂತು.”

ಬೆವರು ಒರೆಸಿಕೊಳ್ಳುತ್ತ ಬರೆದು ತೋರಿಸಿದ. ‘ತಾಂತ್ರಿಕ ತೊಂದರೆಯಿಂದಾಗಿ’ ಎಂದು ಶುರುವಾಗಿತ್ತು.

“ಈ ತಾಂತ್ರಿಕ ತೊಂದರೆ ಅನ್ನೋರು ಯಾರು? ನಿಮ್ಮ ತಮ್ಮನಾ? ಅವರನ್ನ ತೆಗೀರಿ, ನಿಮ್ಮ ಹೆಸರು ಹಾಕಿ. ನನ್ನ ಕಣ್ಣು ಮಂಜಾಗಿಲ್ಲ ಅನ್ನೋದೂ ಇರಲಿ.”

ಮತ್ತೆ ಬರೆದ. ಅವಳು ತಲೆಯಾಡಿಸಿದ ಮೇಲೆ ಕಳಿಸಿದ. ಗುಂಪಿನಲ್ಲಿ ಬೈಗುಳದ ಮಳೆ ಶುರುವಾಯಿತು. ಅವಳು ಕನ್ನಡಕ ಏರಿಸಿ ಒಂದೊಂದನ್ನೂ ಓದಿದಳು, ಕೆಲವನ್ನು ಗಟ್ಟಿಯಾಗಿ.

“ಈಗ ಕೊಡಿ ಅಕ್ಕ” ಎಂದ.

“ನಿಮಗ್ಯಾಕೆ? ಇದರಲ್ಲಿ ಒಂದು ಇಟ್ಟಿಗೆ ಇಟ್ಟಿದ್ದೀರಾ ನೀವು? ಕಟ್ಟಿದೋರಿಗೆ ಕೊಡ್ತೀನಿ.” ಅವನ ಕಣ್ಣೆದುರೇ ಗುಂಪಿನಲ್ಲಿ ಬರೆದಳು: ಎಲ್ಲರ ಲೋಕವೂ ಕ್ಷೇಮ, ನೇರ ನನ್ನಿಂದ ತೆಗೆದುಕೊಳ್ಳಿ, ಇಷ್ಟ ಬಂದಲ್ಲಿ ಇಟ್ಟುಕೊಳ್ಳಿ.

ಬಹಳ ಮಂದಿ ಎಲ್ಲಿಟ್ಟುಕೊಂಡರೆಂದು ಹೇಳಬೇಕಿಲ್ಲ. ಮಿಂಚು ಮತ್ತೆ ಹೊಳೆಯಲಿಲ್ಲ.

ಹೊರಡುವಾಗ ತಂಗಿ ಬಾಗಿಲಲ್ಲಿ ನಿಂತು ಕೇಳಿದಳು: “ಈಗ ಹೊಟ್ಟೆ ತಣ್ಣಗಾಯ್ತಾ?”

“ಇನ್ನೂ ಒಬ್ಬ ಇದಾನೆ.”

ತಂಗಿ ಆ ಮೆಟ್ಟಿಲನ್ನು ಮತ್ತೆ ಹತ್ತಲಿಲ್ಲ. ಬೆಳಿಗ್ಗೆ ಒಬ್ಬಳೇ ಟೀ ಲೋಟ ಹಿಡಿದಾಗಲೆಲ್ಲ ಕೇಬಲಕ್ಕನಿಗೆ ಅದು ನೆನಪಾಗುತ್ತಿತ್ತು. ನೆನಪಾದರೂ, ಹೋಗಿ ಕರೆಯುವವಳಲ್ಲ ಅವಳು.

ಆ ಇನ್ನೊಬ್ಬ ತಾನಾಗಿಯೇ ಬಂದ. ಬಸ್ ಡ್ರೈವರ್, ಟೋಪಿ ಕೈಯಲ್ಲಿ ತಿರುಚುತ್ತ ಹೊಸಿಲಾಚೆಯೇ ನಿಂತ. ಹೊಸ ಊರು ಕಟ್ಟಲು ಗೆಳೆಯರೆಲ್ಲ ತುದಿಗಾಲಲ್ಲಿದ್ದರು, ಅವಳ ಸರ್ವರಿನಲ್ಲಿ ಜಾಗ ಬೇಕಿತ್ತು.

“ಅಕ್ಕಾ, ಅವತ್ತು ಏನೋ ಅಂದುಬಿಟ್ಟೆ. ತಪ್ಪಾಯ್ತು.”

“ಅಂದಾಗ ಬಸ್ ತುಂಬ ಜನ ಇದ್ರಪ್ಪ. ಇಲ್ಲಿ ಯಾರಿದಾರೆ, ಗೋಡೆನಾ?”

ಅವನು ಟೋಪಿ ತಲೆಗೇರಿಸಿ ಇಳಿದುಹೋದ. ಮರುದಿನ ಬೆಳಿಗ್ಗೆ ಹೊಲಿಗೆ ಅಂಗಡಿಯ ಮುಂದೆ ಬಸ್ ನಿಂತು ಹಾರ್ನ್ ಹೊಡೆಯಿತು. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದ: “ಅಕ್ಕಾ, ಊರು ಮುಳುಗಿಸಿದ್ದು ನೀನಲ್ಲ! ನಾನಂದಿದ್ದು ತಪ್ಪು!”

ಕೇಬಲಕ್ಕ ಲೋಟ ಹಿಡಿದೇ ಮೇಲಿನ ಕಿಟಕಿಗೆ ಬಂದಳು. ಹೊಲಿಗೆಯವನು ಕತ್ತರಿ ಕೆಳಗಿಟ್ಟು ಹೊರಗೆ ಬಂದ. ಬಸ್ಸಿನ ಜನ ಕತ್ತು ಚಾಚಿ ಮೇಲೆ ನೋಡಿದರು.

“ಏನಂದೆ?” ಎಂದು ಕಿವಿಗೆ ಕೈ ಹಚ್ಚಿದಳು. “ಕೇಳಿಸ್ಲಿಲ್ಲ!”

ಅವನು ಗಂಟಲು ಹರಿಯುವಂತೆ ಇನ್ನೊಮ್ಮೆ ಕೂಗಿದ. ಮೊದಲ ಸಲವೇ ಅವಳಿಗೆ ಚೆನ್ನಾಗಿ ಕೇಳಿಸಿತ್ತು.