ನಡುವಿನಿಂದ ಬಾರದ ಹಾಡು

ಜನವರಿಯ ಎರಡನೆಯ ಭಾನುವಾರ, ಬೆಳಿಗ್ಗೆ ಎಂಟು ಗಂಟೆ, ಕಡಬದ ನಮ್ಮ ಮನೆ. ಹಾಜರಿದ್ದವರು: ಕಲ್ಲುಗುಂಡಿಯಿಂದ ಬಂದ ಅಕ್ಕ, ನನ್ನ ಹೆಂಡತಿ, ನಾನು.

ತೀರಿಹೋದ ಅಮ್ಮ ಹಾಡುತ್ತಿದ್ದ ಮದುವೆ ಹಾಡುಗಳು ಈಗ ಬರುವುದು ಅಕ್ಕ ಒಬ್ಬಳಿಗೇ. ಮಂಗಳವಾರ ಅವಳ ಗಂಟಲಿಗೆ ಶಸ್ತ್ರಚಿಕಿತ್ಸೆ. ಆಮೇಲೆ ಸ್ವರ ಹೇಗಿರುತ್ತದೋ ಹೇಳಲಾಗದು ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ನಾನು ಅಷ್ಟೂ ಹಾಡುಗಳನ್ನು ಅವಳಿಂದ ಕೇಳಿ ಲ್ಯಾಪ್‌ಟಾಪಿನಲ್ಲಿ ಒಂದೇ ಕಡತವಾಗಿ ಟೈಪು ಮಾಡಿದ್ದೆ. ಒಂಬತ್ತು ಹಾಡುಗಳಲ್ಲಿ ಒಂದೊಂದು ಸಾಲು ಬಿಟ್ಟುಹೋಗಿತ್ತು. ಆ ಖಾಲಿ ಜಾಗಗಳಿಗೆ ಎಡಿಟರಿನಲ್ಲಿ ಗುರುತು ಹಾಕಿ, ಪ್ರತಿಯೊಂದಕ್ಕೂ ಒಂದು ಅಕ್ಷರ ಕೊಟ್ಟಿದ್ದೆ. ಅಕ್ಷರ ಒತ್ತಿದರೆ ಕರ್ಸರ್ ನೇರವಾಗಿ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಹತ್ತು ಗಂಟೆಗೆಲ್ಲ ಕೆಲಸ ಮುಗಿಯಬೇಕಿತ್ತು.

ಮೊದಲ ಗುರುತಿಗೆ ಹೋಗಿ, ಖಾಲಿ ಜಾಗದ ಹಿಂದಿನ ಸಾಲು ಓದಿದೆ. “ಇದರ ಮುಂದೆ ಎಂತ?”

ಅಕ್ಕ ಅದೇ ಸಾಲನ್ನು ಎರಡು ಸಲ ಗುನುಗಿದಳು, ಮುಂದಿನದು ಬರಲಿಲ್ಲ. ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಎಲ್ಲ ಮರ್ತೇ ಹೋಯ್ತಾ ತಮ್ಮಾ?”

ಹೆಂಡತಿ ಕಾಫಿ ತಂದಿಟ್ಟಳು. “ನಿಮ್ಮದೆಂತ ಮಾರಾಯ್ರೆ, ಹಾಸ್ಟೆಲಿನ ಹಾಜರಿ ಕರೆದ ಹಾಗೆ? ಅತ್ತಿಗೆ, ನೀವು ಮೊದಲಿಂದ ಹಾಡಿ.”

“ಅದೇ! ನಡುವಿಂದ ಶುರು ಮಾಡ್ಲಿಕ್ಕೆ ನಾನೆಂತ ಕ್ಯಾಸೆಟಾ?”

ಒಂಬತ್ತೂ ಗುರುತುಗಳನ್ನು ತೆಗೆದು, ಆ ಹಾಡುಗಳ ಮೊದಲ ಸಾಲುಗಳಿಗೆ ಹಾಕಿದೆ. ಅಕ್ಕ ಎಣ್ಣೆಶಾಸ್ತ್ರದ ಹಾಡು ಎತ್ತಿದಳು. ಕರ್ಸರ್ ಅವಳ ಹಿಂದೆ ಸಾಲು ಸಾಲಾಗಿ ಇಳಿಯಿತು. ಖಾಲಿ ಜಾಗ ಬಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ; ಕತ್ತಲಲ್ಲೂ ಮನೆಯ ಮೆಟ್ಟಿಲು ಕಾಲಿಗೆ ಸಿಗುವ ಹಾಗೆ ಸಾಲು ಸಿಕ್ಕಿತು.

ಮುಂದಿನ ಅಕ್ಷರ ಒತ್ತಿದೆ. ಅಕ್ಕ ಹಾಡು ಎತ್ತುತ್ತಲೇ ನಾನು ಪುತ್ತೂರಿನ ಚಿಕ್ಕಮ್ಮನ ಮದುವೆಯ ಚಪ್ಪರದಲ್ಲಿದ್ದೆ. ಇನ್ನೊಂದು ಒತ್ತಿದರೆ ನೆಟ್ಟಣದ ಮದುವೆಮನೆ. ಹಸಿ ಅರಿಶಿನದ ವಾಸನೆ, ಒಲೆಯ ಹೊಗೆ, ಹೆಂಗಸರ ನಡುವೆ ಅಮ್ಮನ ಬೆನ್ನು. ಒಂದು ಮದುವೆಗೂ ಇನ್ನೊಂದಕ್ಕೂ ನಡುವೆ ದಾರಿಯಿಲ್ಲ, ವರ್ಷಗಳಿಲ್ಲ. ಎಲ್ಲ ಮನೆಗಳಲ್ಲೂ ಅದೇ ಬೆಳಗು. ಅಮ್ಮ ಈಗ ತಿರುಗುತ್ತಾಳೆ ಎನ್ನಿಸಿ ನನ್ನ ಬೆರಳು ನಿಂತುಬಿಟ್ಟಿತು.

“ಬರ್ಕೊಂಡ್ಯಾ?”

“ಇಲ್ಲ ಅಕ್ಕ. ತಪ್ಪಿತು.”

“ಇನ್ನು ಪುನಃ ಮೊದಲಿಂದ ಆಗ್ಬೇಕಲ್ಲ! ನನ್ನ ಗಂಟಲು ನೋವು, ನಿದ್ದೆ ನಿನಗೆ!”

ಬಿಸಿನೀರು ಕುಡಿದು ಅವಳು ಪುನಃ ಹಾಡಿದಳು. ಆಮೇಲೆ ನಾನು ಪರದೆ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಒಂಬತ್ತನೆಯದು ಹೆಣ್ಣೊಪ್ಪಿಸುವ ಹಾಡು. ಅರ್ಧಕ್ಕೆ ಸ್ವರ ಒಡೆಯಿತು. ಉಳಿದದ್ದನ್ನು ಪಿಸುಮಾತಿನಲ್ಲಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಹೇಳಿದಳು. ಸಾಲು ಬಂತು. ಟೈಪು ಮಾಡಿ ಓದಿ ತೋರಿಸಿದೆ, ತಲೆಯಾಡಿಸಿದಳು. ಕಡತ ಉಳಿಸಿ ಲ್ಯಾಪ್‌ಟಾಪ್ ಮುಚ್ಚಿದಾಗ ಒಂದು ಗಂಟೆಗೆ ಹತ್ತು ನಿಮಿಷವಿತ್ತು.