ಮಗಳಿಗೆ ನೋಡಿದ ಮನೆ

ಹೆಣ್ಣು ಕೊಡುವ ಮನೆಯನ್ನು ನೋಡಲು ಹೊರಟವರಂತೆ ಆ ಶನಿವಾರ ನಾವಿಬ್ಬರೂ ಸಿಂಗರಿಸಿಕೊಂಡಿದ್ದೆವು. ನಾನು ಮೈಸೂರು ರೇಷ್ಮೆ ಸೀರೆ ಉಟ್ಟಿದ್ದೆ, ಅದರ ಮೇಲೆ ದಪ್ಪನೆಯ ಜಾಕೆಟ್. ಯಜಮಾನರು ಜರ್ಮನಿಯ ಬೊಬ್ಲಿಂಗೆನ್‌ನ ಕಂಪನಿಯಿಂದ ನಿವೃತ್ತರಾದ ದಿನ ಹಾಕಿದ್ದ ಕೋಟನ್ನೇ ಹಾಕಿದ್ದರು. ಹಿಂದಿನ ಸೀಟಿನಲ್ಲಿ ಮಗಳು. ಅವಳಿಗೆ ಇಪ್ಪತ್ತಾರು, ಮಾತು ಬಾರದು, ಊಟ ಸ್ನಾನ ಎಲ್ಲ ನಾವೇ ಮಾಡಿಸಬೇಕು. ಹೋದ ತಿಂಗಳು ಅವಳನ್ನು ಟಬ್‌ನಿಂದ ಎಬ್ಬಿಸಲು ಹೋಗಿ ನಾನೇ ಬಿದ್ದು ಸೊಂಟ ಕೆಡಿಸಿಕೊಂಡಿದ್ದೆ. ಅಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಹೈಮ್ ಒಂದರಲ್ಲಿ, ಎರಡು ವರ್ಷ ಕಾದ ಮೇಲೆ, ಒಂದು ಕೋಣೆ ಖಾಲಿಯಾಗಿತ್ತು. ಬೇಕೋ ಬೇಡವೋ ಅಂದೇ ಹೇಳಬೇಕಿತ್ತು.

ಹೈಮ್ ಇದ್ದದ್ದು ಗುಡ್ಡದ ಮೇಲಿನ ಹಳೆಯ ಬಂಗಲೆಯಲ್ಲಿ. ಯಾವನೋ ದೊರೆ ಬೇಟೆಗೆ ಬಂದಾಗ ಇಳಿದುಕೊಳ್ಳಲು ಕಟ್ಟಿಸಿದ್ದಂತೆ. ಸುತ್ತ ಇಂಗ್ಲಿಷ್ ಮಾದರಿಯ ತೋಟ: ಇಳಿಜಾರಿನ ಹುಲ್ಲು, ಭಾರಿ ಮರಗಳು, ಕೆಳಗೊಂದು ಕೊಳ. ಎಲ್ಲವೂ ತಾನಾಗಿ ಬೆಳೆದಂತೆ ಕಾಣಲು ಎಷ್ಟು ಜನ ಬೆವರು ಸುರಿಸಿದ್ದರೋ. ಮಗಳು ಬೂಟು ಕಿತ್ತೆಸೆದು ಹುಲ್ಲಿನಲ್ಲಿ ಕೂತುಬಿಟ್ಟಳು. ದಾದಿಯೊಬ್ಬಳು ಬಂದು ಅವಳ ಪಕ್ಕ ಕೂತಳು.

ಒಳಗೆ ನಾನು ಬೀಗರ ಮನೆ ನೋಡುವವಳ ಹಾಗೆಯೇ ನೋಡಿದೆ, ಯಾರು ಏನು ಬೇಕಾದರೂ ಅಂದುಕೊಳ್ಳಲಿ ಅಂತ. ನಲ್ಲಿ ತಿರುಗಿಸಿದೆ, ಹಾಸಿಗೆ ಒತ್ತಿದೆ, ಅಡುಗೆಮನೆಗೆ ನುಗ್ಗಿ ಪಾತ್ರೆಗಳ ಮುಚ್ಚಳ ತೆಗೆದೆ. ಮೇಲ್ವಿಚಾರಕಿ ನಗುತ್ತ ಸುಮ್ಮನೆ ಹಿಂದೆ ಬಂದರು. ಒಂದು ಕೊರತೆಯೂ ಸಿಗದೆ ನನಗೆ ಸಿಟ್ಟೇ ಬಂತು.

ಹಿಂದು ಮುಂದು ವಿಚಾರಿಸುವುದು ಯಜಮಾನರ ಪಾಲಿನ ಕೆಲಸ. ದೊರೆಯ ನಂತರ ಇಲ್ಲಿ ಯಾರಿದ್ದರು ಎಂದು ಜರ್ಮನ್‌ನಲ್ಲಿ ಕೇಳಿದರು.

ಆಕೆಯ ನಗು ನಿಂತಿತು. "ಆಗಲೂ ಇದು ಹೈಮ್ ಆಗಿತ್ತು," ಎಂದರು. "ಯುದ್ಧದ ಕಾಲದಲ್ಲಿ ನಾಜಿ ಸರ್ಕಾರದ ಬಸ್ಸುಗಳು ಬಂದವು. ಇಲ್ಲಿದ್ದವರನ್ನೆಲ್ಲ ಕರೆದುಕೊಂಡು ಹೋಗಿ ಕೊಂದರು. ಮಾತು ಬಾರದವರು, ನಡೆಯಲಾಗದವರು. ಇದನ್ನು ಹೇಳದೆ ನಾನು ಯಾರ ಸಹಿಯನ್ನೂ ತೆಗೆದುಕೊಳ್ಳುವುದಿಲ್ಲ."

"ಅವರ ತಾಯಂದಿರು?" ಎಂದೆ.

"ನಿಮ್ಮ ಹಾಗೆಯೇ ಬಂದು ನೋಡಿ, ನಂಬಿ ಬಿಟ್ಟುಹೋದವರು. ಮಕ್ಕಳು ಕಾಯಿಲೆಯಿಂದ ಸತ್ತರು ಎಂದು ಅವರಿಗೆ ಒಂದು ಕಾಗದ ಬಂತು."

ನಾವು ಹೊರಗೆ ಬಂದು ತೋಟದ ಬೆಂಚಿನ ಮೇಲೆ ಕೂತೆವು. ಯಜಮಾನರು ನೆಲ ನೋಡುತ್ತಲೇ, "ನಡಿಯೇ, ಮನೆಗೆ ಹೋಗೋಣ. ಈ ಜಾಗ ಬೇಡವೇ ಬೇಡ," ಎಂದರು.

"ಮನೆಗೆ ಹೋಗಿ ಏನ್ರೀ ಮಾಡೋದು? ನಿಮಗೆ ಸ್ಟೆಂಟ್ ಹಾಕಿದಾರೆ. ನನ್ನ ಸೊಂಟ ಹೋಗಿದೆ. ಇನ್ನೊಂದು ಕಡೆ ವಾರ್ಟೆಲಿಸ್ಟೆಗೆ ಹೆಸರು ಹಾಕಿ ಸರದಿ ಕಾದ್ರೆ ಮತ್ತೆ ಎರಡು ವರ್ಷ. ಅಲ್ಲೀವರೆಗೆ ನಾವಿರ್ತೀವಾ?"

"ಇದೆಲ್ಲ ಕೇಳಿದ ಮೇಲೂ ಹೆಂಗೇ ಬಿಟ್ಟುಹೋಗ್ತೀಯ?"

"ಈಗ ಹಂಗೆಲ್ಲ ಆಗಲ್ಲ ರೀ," ಎಂದೆ. ಮೂವತ್ತು ವರ್ಷ ಈ ದೇಶದಲ್ಲಿದ್ದೂ ಆ ಮಾತನ್ನು ಧೈರ್ಯವಾಗಿ ಹೇಳಲು ನನಗೆ ಆಗಲಿಲ್ಲ. ಅವರು ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸತೊಡಗಿದರು.

ಮಗಳು ಹುಲ್ಲು ಕಿತ್ತು ಕಿತ್ತು ದಾದಿಯ ಮಡಿಲಿಗೆ ಹಾಕುತ್ತ ನಗುತ್ತಿದ್ದಳು. ಆ ತಾಯಂದಿರ ಮಕ್ಕಳೂ ಇದೇ ಹುಲ್ಲಿನಲ್ಲಿ ಕೂತು ಹೀಗೆಯೇ ನಕ್ಕಿರಬೇಕು. ಅದನ್ನು ನೋಡಿಯೇ ಅವರು ಒಳಗೆ ಹೋಗಿ ಸಹಿ ಹಾಕಿರಬೇಕು. ನಾನು ಎದ್ದು ಒಳಗೆ ಹೋಗಿ ಸಹಿ ಹಾಕಿದೆ.